ಹಳೆಯ ಲಾರಿಯ ತಂತಿಗಳು ಮತ್ತು ಬೆಂಕಿ

ವಿದ್ಯುಚ್ಛಕ್ತಿಯ ಭಯವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮನೆಯ 230 ವೋಲ್ಟಿನ ಭಯ. ಲಾರಿಯ ಬ್ಯಾಟರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಎರಡು ತುದಿಗಳನ್ನು ಒಣಗಿದ ಬೆರಳುಗಳಿಂದ ಮುಟ್ಟಿದರೂ ಮೈಗೆ ಏನೂ ತಿಳಿಯುವುದಿಲ್ಲ. ಆದುದರಿಂದ 12 ವೋಲ್ಟೆಂದರೆ ಸಾಧು ಪ್ರಾಣಿಯೆಂಬ ನಂಬಿಕೆ ಲಾರಿಯವರಲ್ಲಿ ಬೇರೂರಿದೆ. ಈ ನಂಬಿಕೆಯೇ ಅನಾಹುತಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ.

ಸ್ವಲ್ಪ ಲೆಕ್ಕ ಹಾಕೋಣ. ಮನೆಯಲ್ಲಿ 60 ವಾಟಿನ ದೀಪ ಉರಿಯಲು ಸುಮಾರು ಕಾಲು ಆಂಪಿಯರು ಪ್ರವಾಹ ಸಾಕು. ಅದೇ 60 ವಾಟಿನ ದೀಪ ಲಾರಿಯಲ್ಲಿ ಉರಿಯಬೇಕಾದರೆ 5 ಆಂಪಿಯರು ಹರಿಯಬೇಕು. ವೋಲ್ಟು ಕಡಿಮೆಯಾದಷ್ಟೂ, ಅದೇ ಕೆಲಸಕ್ಕೆ ಆಂಪಿಯರು ಹೆಚ್ಚು. ಮೈಗೆ ಹೊಡೆತ ಕೊಡುವುದು ವೋಲ್ಟಿನ ಒತ್ತಡ. ತಂತಿಯನ್ನು ಕಾಯಿಸುವುದು ಆಂಪಿಯರು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗದಂತೆ ಏರುತ್ತದೆಂದು ಇಂಗ್ಲೆಂಡಿನ ಜೌಲ್ ಎಂಬ ವಿಜ್ಞಾನಿ 1841ರಲ್ಲೇ ಪ್ರಕಟಿಸಿದನು. ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು.

ಈಗ ಒಂದು ಸಡಿಲವಾದ ಜಾಯಿಂಟನ್ನು ತೆಗೆದುಕೊಳ್ಳಿ. ಅಲ್ಲಿ ಒಂದು ಓಮಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ರೋಧವಿದೆಯೆನ್ನೋಣ. 15 ಆಂಪಿಯರು ಹರಿದರೆ ಆ ಒಂದೇ ಬಿಂದುವಿನಲ್ಲಿ 22.5 ವಾಟು ಉಷ್ಣ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬೆಸುಗೆ ಹಾಕಲು ಹಿಡಿಯುವ ಕಾವುಗಡ್ಡಿಗೆ ಇದಕ್ಕಿಂತ ಬಹಳ ಹೆಚ್ಚೇನೂ ಬೇಕಿಲ್ಲ. ತಮಾಷೆಯೆಂದರೆ ಇದರಿಂದ ಫ್ಯೂಸು ಹಾರುವುದಿಲ್ಲ. ಹರಿಯುವ ಪ್ರವಾಹ ಹೆಚ್ಚಿಲ್ಲವಲ್ಲ! ದೀಪ ಕೊಂಚ ಮಂಕಾಗಿ ಉರಿಯುತ್ತದೆ, ಅಷ್ಟೆ. ಆದುದರಿಂದ ಒಂದು ಕಡೆಯ ದೀಪ ಮಂಕಾದರೆ ಬಲ್ಬನ್ನು ಬದಲಿಸಿ ಸುಮ್ಮನಾಗಬಾರದು. ಅರ್ಧ ಗಂಟೆ ದೀಪ ಉರಿಸಿ, ಆರಿಸಿ, ಜಾಯಿಂಟುಗಳನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟಿ ನೋಡಬೇಕು. ಬಿಸಿಯಾದ ಜಾಯಿಂಟೇ ಕಳ್ಳ.

ವಿಶಾಖಪಟ್ಟಣದಂಥ ಊರಿನಲ್ಲಿ ಇಂಥ ಕಳ್ಳರು ಬೇಗ ಹುಟ್ಟುತ್ತಾರೆ. 1933ರಲ್ಲಿ ಇಲ್ಲಿಯ ಬಂದರು ತೆರೆದಂದಿನಿಂದ ಸರಕಿನ ಬಂಡಿಗಳಿಗೆ ಸಮುದ್ರದ ಗಾಳಿ ತಪ್ಪಿದ್ದಲ್ಲ. ಉಪ್ಪಿನ ತೇವ ತಾಮ್ರಕ್ಕೆ ಹತ್ತಿದರೆ ಹಸಿರು ಕಿಲುಬು ಕಟ್ಟುತ್ತದೆ, ಕಿಲುಬು ವಿದ್ಯುತ್ತಿಗೆ ಅಡ್ಡಿ, ಅಡ್ಡಿಯಿದ್ದಲ್ಲಿ ಉಷ್ಣ. ಗೊಬ್ಬರ ಹೇರುವ ಲಾರಿಯಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಗೊಬ್ಬರದ ಧೂಳು ಗಾಳಿಯ ತೇವವನ್ನು ಹೀರಿ ತಂತಿಯ ಮೇಲೆ ಅಂಟಾಗಿ ಕೂರುತ್ತದೆ. ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ ಬ್ಯಾಟರಿಯ ತುದಿಗಳನ್ನು ತೊಳೆದು, ಒರಸಿ, ಬಿಗಿಮಾಡಿ, ವ್ಯಾಸಲೀನು ಸವರುವುದು ಹತ್ತು ನಿಮಿಷದ ಕೆಲಸ. ಸೋಡಾನೀರು ಬ್ಯಾಟರಿಯ ಒಳಕ್ಕೆ ಇಳಿಯಬಾರದು.

ಹಳೆಯ ಲಾರಿ ಎಂದೆವಷ್ಟೆ. 1954ರಿಂದ ಜಮ್‌ಷೆಡ್‌ಪುರದಲ್ಲಿ ತಯಾರಾದ ಟಾಟಾ-ಮರ್ಸಿಡಿಸ್, ಅದೇ ಕಾಲದ ಲೇಲ್ಯಾಂಡ್, ಬೆಡ್‌ಫೋರ್ಡ್, ಡಾಡ್ಜ್ ಇವು ಈಗ ವಿರಳ. ಆದರೂ ಆಸೆಯಿಂದ ಇಟ್ಟುಕೊಂಡವರು, ತಂದೆಯ ಕಾಲದ ಗಾಡಿಯನ್ನು ಮಾರಲು ಮನಸ್ಸಾಗದವರು ಇದ್ದಾರೆ. ಇಂಥ ಗಾಡಿಗಳ ಮೂಲ ತಂತಿಗಳಿಗೆ ಎಷ್ಟೋ ಸಲ ರಬ್ಬರಿನ ಹೊದಿಕೆ, ಅದರ ಮೇಲೆ ನೂಲಿನ ಹೆಣಿಗೆ. ಎಂಜಿನಿನ ಕಾವಿಗೆ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಹೊರಗಿನ ನೂಲು ಹಾಗೆಯೇ ಇರುವುದರಿಂದ ಕಣ್ಣಿಗೆ ಏನೂ ಕಾಣದು. ತಂತಿಯನ್ನು ಬಗ್ಗಿಸಿದಾಗ ಒಳಗೆ ಚಟಚಟ ಎಂದರೆ ಆ ತಂತಿಯ ಆಯುಸ್ಸು ಮುಗಿದಿದೆ. ಟೇಪು ಸುತ್ತಿ ಬದುಕಿಸಲಾಗದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಬಂದರಿನ ಹೊರಗೆ ಸರದಿಗಾಗಿ ನಿಂತ ಲಾರಿಯಲ್ಲಿ ಚಾಲಕನೂ ಕ್ಲೀನರನೂ ರಾತ್ರಿ ಅಲ್ಲೇ ಮಲಗುತ್ತಾರೆ. ಕೀಲಿ ತೆಗೆದಾಗಿದೆ, ದೀಪ ಆರಿಸಿದೆ, ಇನ್ನೇನು ಭಯವೆಂದು ಭಾವಿಸುತ್ತಾರೆ. ಆದರೆ ಕೀಲಿ ತೆಗೆದರೂ ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗುವ ಹೆಬ್ಬೆರಳು ದಪ್ಪದ ಕೇಬಲ್ಲು ಸತ್ತಿರುವುದಿಲ್ಲ. ಎಂಜಿನನ್ನು ತಿರುಗಿಸಲು ನೂರಾರು ಆಂಪಿಯರು ಬೇಕಾಗುವುದರಿಂದ ಇದಕ್ಕೆ ಫ್ಯೂಸು ಹಾಕುವ ರೂಢಿಯಿಲ್ಲ. ಈ ಕೇಬಲ್ಲು ಚಾಸಿಯ ಅಂಚಿಗೆ ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಹೊದಿಕೆ ಸವೆದರೆ ಬ್ಯಾಟರಿಯ ಬಲವೆಲ್ಲ ಆ ಒಂದು ಚುಕ್ಕೆಯಲ್ಲಿ ಹರಿದು ಕಬ್ಬಿಣವೇ ಕರಗುತ್ತದೆ. ಹತ್ತಿರದಲ್ಲೇ ಡೀಸೆಲು ಕೊಳವೆ, ಎಣ್ಣೆ ಕುಡಿದ ಧೂಳು.

ಡೈನಮೊ ಇರುವ ಗಾಡಿಗಳಲ್ಲಿ ಇನ್ನೊಂದು ಗಂಡಾಂತರವುಂಟು. ಡೈನಮೊ ತಿರುಗುವಾಗ ಅದು ಬ್ಯಾಟರಿಯನ್ನು ತುಂಬುತ್ತದೆ. ನಿಂತಾಗ ಬ್ಯಾಟರಿಯಿಂದ ಅದಕ್ಕೆ ಹಿಮ್ಮುಖವಾಗಿ ಹರಿಯಬಾರದು. ಈ ಬಾಗಿಲು ಕಾಯುವ ಕೆಲಸ ಕಟ್-ಔಟ್ ಎಂಬ ಸಣ್ಣ ಪೆಟ್ಟಿಗೆಯದು. ಅದರ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡರೆ, ಎಂಜಿನು ನಿಂತ ಮೇಲೆಯೂ ಪ್ರವಾಹ ಹಿಂದಕ್ಕೆ ಹರಿದು ಡೈನಮೊವನ್ನೂ ಅದರ ತಂತಿಯನ್ನೂ ಕಾಯಿಸುತ್ತದೆ. ಎಂಜಿನು ನಿಲ್ಲಿಸಿ, ದೀಪ ಆರಿಸಿ, ಆಮ್ಮೀಟರಿನ ಮುಳ್ಳನ್ನು ನೋಡುವ ಅಭ್ಯಾಸವಿದ್ದರೆ ಇದು ತಪ್ಪುತ್ತದೆ. ಮುಳ್ಳು ಸೊನ್ನೆಗೆ ಬರಬೇಕು. ಡಿಸ್‌ಚಾರ್ಜಿನ ಕಡೆಗೆ ವಾಲಿಯೇ ನಿಂತರೆ ಮಲಗುವ ಯೋಚನೆ ಬಿಟ್ಟು ಬ್ಯಾಟರಿಯ ತಂತಿ ಬಿಚ್ಚಬೇಕು.

ಬಿಚ್ಚುವಾಗ ಚಾಸಿಗೆ ಸೇರಿದ ಅರ್ತ್ ತಂತಿಯನ್ನೇ ಮೊದಲು ಬಿಚ್ಚಬೇಕು, ಹಾಕುವಾಗ ಕೊನೆಗೆ ಹಾಕಬೇಕು. ಇಲ್ಲವಾದರೆ ಸ್ಪಾನರು ಚಾಸಿಗೆ ತಾಗಿ ಕಿಡಿ ಹಾರುತ್ತದೆ. ಆಗತಾನೆ ಚಾರ್ಜಾದ ಬ್ಯಾಟರಿಯ ಸುತ್ತ ಜಲಜನಕವಿರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಬೆರೆತರೂ ಕಿಡಿಗೆ ಹತ್ತಿಕೊಳ್ಳುವುದು. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಕೆಲವಕ್ಕೆ ಪಾಸಿಟಿವ್ ತುದಿಯೇ ಅರ್ತ್ ಎಂಬುದನ್ನು ಇಂದಿನ ಹುಡುಗರು ತಿಳಿದಿರಬೇಕು.

ರಾತ್ರಿಯೂ ಸ್ಪಾನರು ಹಿಡಿಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಇದಕ್ಕೆ ಬ್ಯಾಟರಿಯ ಬಳಿಯೇ ಒಂದು ಭಾರಿ ಮೇನ್ ಸ್ವಿಚ್ಚು ಹಾಕಿಸುವುದು ಸುಲಭೋಪಾಯ. ಪೆಟ್ರೋಲು ಸಾಗಿಸುವ ಟ್ಯಾಂಕರುಗಳಿಗೆ ಇಂಥ ಸ್ವಿಚ್ಚು ಇರಬೇಕೆಂದು ಪೆಟ್ರೋಲಿಯಂ ನಿಯಮಗಳೇ ವಿಧಿಸುತ್ತವೆ. ಹತ್ತಿ, ಗೋಣಿ ಹೇರುವ ಮುದಿ ಲಾರಿಗೆ ಅದು ಬೇಡವೆನ್ನಲು ನಮಗೆ ಕಾರಣ ತೋರುವುದಿಲ್ಲ. ಎಂಜಿನು ಪೂರ್ತಿ ನಿಂತ ಮೇಲೆಯೇ ಅದನ್ನು ತಿರುಗಿಸಬೇಕು. ಡೈನಮೊ ತೆಗೆದು ಆಲ್ಟರ್ನೇಟರು ಕೂರಿಸಿದ್ದರಂತೂ, ಓಡುವಾಗ ಬ್ಯಾಟರಿ ಕಡಿದರೆ ಅದರ ಡಯೋಡುಗಳು ಹಾಳಾಗುತ್ತವೆ.

ಫ್ಯೂಸಿನ ವಿಷಯ ಎಲ್ಲರಿಗೂ ಗೊತ್ತಿದೆ, ಯಾರೂ ಪಾಲಿಸುವುದಿಲ್ಲ. ಫ್ಯೂಸು ಇರುವುದು ದೀಪವನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ಹಾರಿದ ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೇಗಡೆ ತುರುಕಿದರೆ ಮುಂದೆ ಸುಡುವುದು ತಂತಿಯೇ. ಇದಕ್ಕೆ ಸೋದರನಂತಿರುವುದು ದೊಡ್ಡ ಬಲ್ಬಿನ ವ್ಯಾಮೋಹ. 45 ವಾಟಿನ ಎರಡು ದೀಪಗಳಿಗೆ ಏಳೂವರೆ ಆಂಪಿಯರು ಸಾಕು. ಅಲ್ಲಿಗೆ 100 ವಾಟಿನವನ್ನು ಹಾಕಿದರೆ 16ಕ್ಕೂ ಹೆಚ್ಚು. ಜೌಲನ ಲೆಕ್ಕದಲ್ಲಿ ತಂತಿಯ ಉಷ್ಣ ಸುಮಾರು ಐದರಷ್ಟು. ಬೆಳಕು ಬೇಕಿದ್ದರೆ ದಪ್ಪ ತಂತಿ, ಪ್ರತ್ಯೇಕ ಫ್ಯೂಸು, ರಿಲೇ ಈ ಮೂರನ್ನೂ ಸೇರಿಸಿ ಹಾಕಿಸಲಿ.

ಗಾಡಿಯಲ್ಲಿ ಎಲ್ಲೋ ಸೋರಿಕೆಯಿದೆಯೆಂಬ ಸಂಶಯವಿದ್ದರೆ ಹಳೆಯ ಕೈಗಾರರ ಒಂದು ಪರೀಕ್ಷೆಯಿದೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಅರ್ತ್ ತಂತಿಯನ್ನು ಬ್ಯಾಟರಿಯಿಂದ ಬಿಚ್ಚಿ, ಆ ತಂತಿಗೂ ಬ್ಯಾಟರಿಯ ತುದಿಗೂ ನಡುವೆ ಬ್ಯಾಟರಿಯಷ್ಟೇ ವೋಲ್ಟಿನ ಒಂದು ಸಣ್ಣ ಬಲ್ಬನ್ನು ಹಿಡಿಯಬೇಕು. ಬಲ್ಬು ಉರಿದರೆ ಸೋರಿಕೆಯುಂಟು. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಯಾವುದನ್ನು ತೆಗೆದಾಗ ಬಲ್ಬು ಆರಿತೋ ಆ ದಾರಿಯಲ್ಲಿ ದೋಷ. ಎಲ್ಲ ತೆಗೆದರೂ ಆರದಿದ್ದರೆ ಫ್ಯೂಸಿಲ್ಲದ ತಂತಿಗಳನ್ನೇ ಶೋಧಿಸಬೇಕು. ಬಲ್ಬು ಹಿಡಿದಿರುವಾಗ ಸೆಲ್ಫ್ ಮಾತ್ರ ಹೊಡೆಯಬಾರದು.

ನೀರಿನಲ್ಲಿ ಮುಳುಗಿದ ಗಾಡಿಯ ವಿಚಾರ ಬೇರೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ಇಂಥ ನೀರು ಇಳಿದ ಮೇಲೆ ಗಾಡಿ ಓಡಿತೆಂದು ಸಂತೋಷಪಟ್ಟರೆ ಸಾಲದು. ತಂತಿಯ ತುದಿಯಿಂದ ಹೊದಿಕೆಯೊಳಕ್ಕೆ ಹೀರಿಕೊಂಡ ತೇವ ತಿಂಗಳುಗಳ ಮೇಲೆ ಕಿಲುಬಾಗುತ್ತದೆ. ವಿಜಯವಾಡದ ಆಟೋನಗರದಂಥ ಜಾಗದಲ್ಲಿ ಲಾರಿಯ ತಂತಿಗಳನ್ನು ಹೊಸದಾಗಿ ಎಳೆದುಕೊಡುವವರು ಸಿಗುತ್ತಾರೆ. ಹೇಳಿ ಮಾಡಿಸಬೇಕಾದ್ದು ಎರಡು: ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲೆಲ್ಲ ರಬ್ಬರಿನ ಬಳೆ, ಮತ್ತು ತಂತಿ ತೂಗಾಡದಂತೆ ಅಲ್ಲಲ್ಲಿ ಪಟ್ಟಿ.

ಇಷ್ಟಾದರೂ ಬಾನೆಟ್ಟಿನಿಂದ ಹೊಗೆ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನು ಆರಿಸಿ, ಎಲ್ಲರನ್ನೂ ಇಳಿಸಿ, ಕೈಗೆಟಕಿದರೆ ಮೇನ್ ಸ್ವಿಚ್ಚು ಕಡಿಯಬೇಕು. ಬಾನೆಟ್ಟನ್ನು ಪೂರ್ತಿ ಎತ್ತಬಾರದು. ಗಾಳಿ ನುಗ್ಗಿ ಜ್ವಾಲೆ ಮುಖಕ್ಕೇ ಬರುತ್ತದೆ. ಸಂದು ಮಾಡಿ ಒಣಪುಡಿಯ ಸಿಲಿಂಡರಿನಿಂದ ಬುಡಕ್ಕೆ ಹೊಡೆಯಬೇಕು. ಡೀಸೆಲು ಹತ್ತಿಕೊಂಡಿದ್ದರೆ ನೀರು ಎರಚಕೂಡದು, ಅದು ಬೆಂಕಿಯನ್ನು ತೇಲಿಸಿಕೊಂಡು ಹರಡುತ್ತದೆ. ಒಂದು ಸಿಲಿಂಡರು ಮುಗಿಯುವಷ್ಟರಲ್ಲಿ ಆರದಿದ್ದರೆ ದೂರ ಸರಿದು 101ಕ್ಕೆ ಫೋನು ಮಾಡಬೇಕು, ಮತ್ತು ಯಾವ ಸರಕು ಹೇರಿದೆಯೆಂಬುದನ್ನು ಮೊದಲೇ ಹೇಳಬೇಕು.