ಕಂಪ್ಯೂಟರಿಗೆ ನೀರಿನ ತಂಪು



ಕಂಪ್ಯೂಟರಿಗೂ ನೀರಿಗೂ ಆಗಿಬರುವುದಿಲ್ಲ ಎಂದು ನಮಗೆಲ್ಲ ಗೊತ್ತು. ಆದರೆ ಕಳೆದ ಬೇಸಿಗೆ ರಜೆಯಲ್ಲಿ ಕಾಪುವಿನ ನಮ್ಮ ಮನೆಯಲ್ಲಿ ಅಣ್ಣ ಮತ್ತು ನಾನು ನೀರಿನಿಂದಲೇ ಕಂಪ್ಯೂಟರನ್ನು ತಣ್ಣಗೆ ಮಾಡಿದೆವು. ಅದರಿಂದ ಕಲಿತದ್ದನ್ನು ಬರೆಯುತ್ತೇನೆ.

ಅಣ್ಣ ಎದುರಿನ ಕೋಣೆಯಲ್ಲಿ ಡಿ.ಟಿ.ಪಿ. ಕೆಲಸ ಮಾಡುತ್ತಾನೆ. ಮದುವೆ ಕಾಗದದ ಕೆಲಸ ಹೆಚ್ಚು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅದೇ ಸೆಕೆಯಲ್ಲಿ ಅವನ ಹಳೆ ಕಂಪ್ಯೂಟರ್ ಬಿಸಿಯಾಗಿ ತನ್ನಷ್ಟಕ್ಕೇ ಆಫ್ ಆಗುತ್ತಿತ್ತು. ಹೊಸತು ತರಲು ಹಣ ಇರಲಿಲ್ಲ.

ಬಿಸಿ ಎಲ್ಲಿಂದ? ಪ್ರೊಸೆಸರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಶಾಖವಾಗುತ್ತದೆ. ಅಣ್ಣನದ್ದು ಸುಮಾರು 100 ವ್ಯಾಟಿನದು. ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ 100 ವ್ಯಾಟಿನ ಹಳೆ ಬಲ್ಬು ಉರಿದ ಹಾಗೆ!

ನೀರೇ ಯಾಕೆ? 1 ಗ್ರಾಂ ನೀರಿನ ಬಿಸಿ 1 ಡಿಗ್ರಿ ಏರಲು ಸುಮಾರು 4.2 ಜೂಲ್ ಶಾಖ ಬೇಕು. ಗಾಳಿಗೆ ಸುಮಾರು 1 ಜೂಲ್ ಸಾಕು. ಆದ್ದರಿಂದ ನೀರು ಹೆಚ್ಚು ಶಾಖ ಹೊರುತ್ತದೆ.

ಬೇಕಾದ ಸಾಮಾನು: ತಾಮ್ರದ ದಪ್ಪ ತಗಡು, ಅದಕ್ಕೆ ಬೆಸುಗೆ ಹಾಕಿದ ತಾಮ್ರದ ಕೊಳವೆ, ಮೀನಿನ ತೊಟ್ಟಿಯ ಪಂಪು, ಪ್ಲಾಸ್ಟಿಕ್ ಪೈಪು, ಕ್ಲಿಪ್ಪು. ತಗಡನ್ನು ಥರ್ಮಲ್ ಪೇಸ್ಟ್ ಹಚ್ಚಿ ಪ್ರೊಸೆಸರ್ ಮೇಲೆ ಕೂರಿಸಬೇಕು.

ಮೊದಲು 10 ಲೀಟರ್ ಬಕೆಟಿನಲ್ಲಿ ಪಂಪು ಇಟ್ಟೆವು. ಬೆಳಿಗ್ಗೆ ಭಾರೀ ತಂಪು. ಮಧ್ಯಾಹ್ನಕ್ಕೆ ಬಕೆಟಿನ ನೀರೇ ಸ್ನಾನದ ನೀರಿನ ಹಾಗೆ ಆಯಿತು. ಲೆಕ್ಕ ನೋಡಿ: 100 ವ್ಯಾಟ್ ಅಂದರೆ ಗಂಟೆಗೆ 3,60,000 ಜೂಲ್. ಶಾಖ ಹೊರಗೆ ಹೋಗದಿದ್ದರೆ 10 ಲೀಟರ್ ನೀರು ಗಂಟೆಗೆ ಸುಮಾರು 8.6 ಡಿಗ್ರಿ ಏರುತ್ತದೆ.

“ಐಸ್ ಹಾಕುವನಾ ಅಣ್ಣಾ?” ಎಂದೆ.

“ಬೇಡ ಮಾರಾಯ. ತಣ್ಣೀರಿನ ಲೋಟ ಬೆವರುವುದು ನೋಡಿದ್ದೀಯಲ್ಲ? ನಮ್ಮ ಕರಾವಳಿಯ ಗಾಳಿಯಲ್ಲಿ ಈ ತಾಮ್ರವೂ ಬೆವರಿ ಬೋರ್ಡಿನ ಮೇಲೆ ಹನಿ ಬೀಳ್ತದೆ. ನೀರು ಬಿಸಿಯನ್ನು ಹೊರುತ್ತದೆ, ನುಂಗುವುದಿಲ್ಲ. ಹೊತ್ತದ್ದನ್ನು ಎಲ್ಲಿಯಾದರೂ ಇಳಿಸಬೇಕು.”

ಇಳಿಸುವ ಜಾಗವೇ ರೇಡಿಯೇಟರ್. ಉಡುಪಿಯ ಗುಜರಿಯಿಂದ ಕಾರಿನ ಹೀಟರಿನ ಚಿಕ್ಕ ತಾಮ್ರದ ರೇಡಿಯೇಟರ್ ತಂದು ಫ್ಯಾನ್ ಕಟ್ಟಿದೆವು. ಅಲ್ಯೂಮಿನಿಯಂನದ್ದು ತರಲಿಲ್ಲ. ಒಂದೇ ನೀರಿನಲ್ಲಿ ತಾಮ್ರ, ಅಲ್ಯೂಮಿನಿಯಂ ಎರಡೂ ಇದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಬಾವಿ ನೀರಿನಲ್ಲಿ ಲವಣ ಇರುವುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿಸಿದೆವು.

ಇನ್ನು ನನ್ನ ತಪ್ಪು. ಕ್ಲಿಪ್ಪು ಬಿಗಿ ಮಾಡುವ ಕೆಲಸ ನನ್ನದಾಗಿತ್ತು. ನಾಲ್ಕರಲ್ಲಿ ಮೂರನ್ನು ಬಿಗಿ ಮಾಡಿ, ಆಟಕ್ಕೆ ಹೋಗುವ ಗಡಿಬಿಡಿಯಲ್ಲಿ “ಎಲ್ಲಾ ಆಯ್ತು” ಎಂದುಬಿಟ್ಟೆ. ಅಣ್ಣ ಕಂಪ್ಯೂಟರಿಗೆ ಜೋಡಿಸುವ ಮೊದಲು ಕೆಳಗೆ ಪೇಪರ್ ಹಾಸಿ ರಾತ್ರಿಯಿಡೀ ಪಂಪು ಮಾತ್ರ ಓಡಿಸಿದ. ಬೆಳಿಗ್ಗೆ ಪೇಪರ್ ಒದ್ದೆ! ಹಾಗೆಯೇ ಜೋಡಿಸಿದ್ದರೆ ಆ ವರ್ಷದ ದುಡಿಮೆಯೇ ಹೋಗುತ್ತಿತ್ತು. ಅಣ್ಣ ಬೈಯಲಿಲ್ಲ. ಸ್ಕ್ರೂ ಡ್ರೈವರ್ ನನ್ನ ಕೈಗೆ ಕೊಟ್ಟ, ಅಷ್ಟೆ.

ಫಲಿತಾಂಶ: ಮೊದಲು 95 ಡಿಗ್ರಿ ಮುಟ್ಟುತ್ತಿತ್ತು. ಒಳಗಿನ ಧೂಳು ತೆಗೆದಾಗಲೇ 86ಕ್ಕೆ ಇಳಿದಿತ್ತು. ರೇಡಿಯೇಟರ್ ಹಾಕಿದ ಮೇಲೆ 62. ಕೋಣೆಯ ಗಾಳಿ 33 ಡಿಗ್ರಿ ಇತ್ತು. ಫ್ಯಾನಿನ ಗಾಳಿಗೆ ಬಿಸಿ ಇಳಿಸುವ ರೇಡಿಯೇಟರ್ ನೀರನ್ನು ಆ ಗಾಳಿಗಿಂತ ತಣ್ಣಗೆ ಮಾಡಲಾರದು.

ದೊಡ್ಡ ಕಂಪ್ಯೂಟರುಗಳಲ್ಲೂ ಇದೇ ತತ್ವ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರಿನ ಬಿಸಿಯನ್ನೂ ದ್ರವವೇ ಹೊತ್ತೊಯ್ಯುತ್ತದೆ. ಮಲ್ಪೆಯ ಮೀನುಗಾರಿಕಾ ಬೋಟಿನ ಇಂಜಿನ್ನಿನ ಬಿಸಿ ಸಮುದ್ರದ ನೀರಿಗೆ ಸೇರುತ್ತದೆ.

ಗಮನಿಸಿ: ಇದರಲ್ಲಿ ಕರೆಂಟೂ ನೀರೂ ಎರಡೂ ಉಂಟು. ದೊಡ್ಡವರಿಲ್ಲದೆ ಯಾರೂ ಮಾಡಬಾರದು. ಮೊದಲು ಧೂಳು ತೆಗೆಯಿರಿ, ಅದಕ್ಕೆ ಖರ್ಚಿಲ್ಲ. ಕ್ಲಿಪ್ಪುಗಳನ್ನು ಎರಡು ಸಲ ಎಣಿಸಿರಿ. ಲೆಕ್ಕದಲ್ಲಿ ತಪ್ಪಿದ್ದರೆ ವಿಜ್ಞಾನದ ಮಾಸ್ಟ್ರು ದಯವಿಟ್ಟು ತಿದ್ದಬೇಕು.