ಕನ್ಸೋಲ್ ತಗೊ ಅಳಿಯಾ, ಆದರೆ...

ಅಳಿಯಾ, ಮೊದಲ ಸಂಬಳದಲ್ಲಿ ಕನ್ಸೋಲ್ ತಗೊಳ್ಳುತ್ತೇನೆಂದು ನೀನು ಹೇಳಿದಲ್ಲಿಂದ ನಿನ್ನ ಅಮ್ಮನಿಗೆ ತಲೆಬಿಸಿ. ನನಗಿಲ್ಲ. ಮೀಸೆ ಹಣ್ಣಾದರೂ ಕಂಟ್ರೋಲರ್ ಕೆಳಗಿಡದ ಮಾವ ನಾನು. ಬೇಡ ಎನ್ನುವುದಕ್ಕೆ ನನಗೆ ಬಾಯಿಯೂ ಇಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಮಾತು ಕೇಳಿಕೊ. ಪೆಟ್ಟಿಗೆಯ ಮೇಲಿನ ನಂಬರ್ ನೋಡಿ ದುಡ್ಡು ಹಾಕಬೇಡ. ಆಡುವ ಆಟ ನೋಡಿ ಹಾಕು. ಹಾಕಿದ ದುಡ್ಡಿಗೆ ನಿನ್ನ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡಿ ಹಾಕು.

ಟೆರಾಫ್ಲಾಪ್, 8ಕೆ, 120 ಫ್ರೇಮ್ ಎಂದು ಕಂಪನಿಗಳು ಹೇಳುತ್ತಲೇ ಇರುತ್ತವೆ. 1989ರಲ್ಲಿ ನಿಂಟೆಂಡೊ ತಂದ ಗೇಮ್ ಬಾಯ್‌ಗೆ ಬಣ್ಣವೇ ಇರಲಿಲ್ಲ. ಅದರ ಹಿಂದಿದ್ದ ಗುನ್‌ಪೇ ಯೊಕೊಯಿ, ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂದು ನಂಬಿದ ಮನುಷ್ಯ. ಮರುವರ್ಷವೇ ಸೆಗಾ ಕಂಪನಿ ಬಣ್ಣದ ಪರದೆಯ ಗೇಮ್ ಗಿಯರ್ ತಂದಿತು. ಅದಕ್ಕೆ ಆರು ಸೆಲ್ ಬೇಕು, ಕೆಲವೇ ಗಂಟೆಯಲ್ಲಿ ಆರೂ ಖಾಲಿ. ಗೇಮ್ ಬಾಯ್‌ಗೆ ನಾಲ್ಕು ಸಾಕು, ಬಾಳಿಕೆಯೂ ಹೆಚ್ಚು. ಜೊತೆಗೆ ಟೆಟ್ರಿಸ್ ಆಟ. ಕೊನೆಗೆ ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ ಸುಮಾರು 11.9 ಕೋಟಿ ಮಾರಾಟವಾದವು. ಗೇಮ್ ಗಿಯರ್ ಒಂದು ಕೋಟಿಯ ಆಸುಪಾಸಿನಲ್ಲೇ ನಿಂತಿತು. ಹಾಗಾಗಿ ಮೊದಲು ನಿನಗೆ ಆಡಲೇಬೇಕಾದ ಐದಾರು ಆಟಗಳ ಪಟ್ಟಿ ಮಾಡು. ನಿನ್ನ ದೋಸ್ತಿಗಳ ಮನೆಯಲ್ಲಿ ಯಾವ ಮೆಷಿನ್ ಉಂಟು ಎಂದೂ ವಿಚಾರಿಸು. ಕನ್ಸೋಲ್ ಯಾವುದು ಎನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಎರಡನೆಯದು, ಡಿಸ್ಕ್ ಹಾಕುವ ಮೆಷಿನ್ನೇ ತಗೊ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ಡಿಸ್ಕ್ ಇರುವುದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990 ಎಂದು ಬೆಲೆ ಕಟ್ಟಿದ್ದರು. ಹತ್ತು ಸಾವಿರ ಉಳಿಯಿತೆಂದು ಖುಷಿಪಟ್ಟವರು ಹೊಸ ಆಟ ಒಂದಕ್ಕೆ ಐದು ಸಾವಿರದವರೆಗೆ ಕೊಟ್ಟು ಡೌನ್‌ಲೋಡ್ ಮಾಡಬೇಕಾಯಿತು. ಆಡಿ ಮುಗಿದ ಮೇಲೆ ಅದನ್ನು ಮಾರುವ ಹಾಗಿಲ್ಲ, ಕಾವೂರಿನ ಗೆಳೆಯನಿಗೆ ಎರವಲು ಕೊಡುವ ಹಾಗೂ ಇಲ್ಲ. ಡೌನ್‌ಲೋಡ್ ಎಂದರೆ ಆಡುವ ಪರವಾನಗಿ ಮಾತ್ರ, ಒಡೆತನವಲ್ಲ. ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಕಾನೂನೇ ಆಯಿತು.

ಡಿಸ್ಕ್ ಇದ್ದರೆ ಎಲ್ಲವೂ ಭದ್ರ ಎಂದೂ ತಿಳಿಯಬೇಡ. ಯೂಬಿಸಾಫ್ಟ್‌ನ 'ದಿ ಕ್ರೂ' ಎಂಬ ಕಾರ್ ಆಟ ಆಡಲು ಸದಾ ಇಂಟರ್ನೆಟ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ದುಡ್ಡು ಕೊಟ್ಟು ತಂದ ಡಿಸ್ಕ್ ಅಂದಿನಿಂದ ಯಾವ ಪ್ರಯೋಜನಕ್ಕೂ ಇಲ್ಲ. ನಿಂಟೆಂಡೊದ ಸ್ವಿಚ್ 2 ಕನ್ಸೋಲಿನ ಕೆಲವು ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಬೇಕಾದ ಕೀಲಿ ಮಾತ್ರ. ಇಂಟರ್ನೆಟ್ ಇಲ್ಲದೆ ಒಬ್ಬನೇ ಆಡಬಹುದಾ ಎಂದು ಕೇಳಿ, ಹೌದು ಎಂದಾದರೆ ಮಾತ್ರ ತಗೊ.

ದುಬೈಯಲ್ಲಿರುವ ಚಿಕ್ಕಪ್ಪನ ಹತ್ತಿರ ತರಿಸುವ ಯೋಚನೆ ಇದ್ದರೆ ವಾರಂಟಿ ಇಲ್ಲಿ ನಡೆಯುತ್ತದಾ ಎಂದು ಮೊದಲೇ ಕೇಳಿಕೊ. ಕರೆಂಟಿನ ತೊಂದರೆ ಇಲ್ಲ, ಪ್ಲಗ್ ಮಾತ್ರ ಬೇರೆ. ರಿಪೇರಿಗೆ ಅದನ್ನು ತಿರುಗಿ ದುಬೈಗೆ ಕಳಿಸಬೇಕಾಗಿ ಬಂದರೆ ಉಳಿಸಿದ ದುಡ್ಡಿಗೆ ಅರ್ಥವಿಲ್ಲ.

ಇನ್ನು ಟಿವಿ. ಹೊಸ ಟಿವಿ ಬೇಕೆಂದು ಅಮ್ಮನ ಹತ್ತಿರ ಈಗಲೇ ಹೇಳಬೇಡ. ಇರುವ ಟಿವಿಯ ಸೆಟ್ಟಿಂಗ್‌ನಲ್ಲಿ 'ಗೇಮ್ ಮೋಡ್' ಹುಡುಕಿ ಆನ್ ಮಾಡು. ಚಿತ್ರಕ್ಕೆ ಮೆರುಗು ಕೊಡಲು ಟಿವಿ ಮಾಡುವ ಕಸರತ್ತು ನಿಂತು, ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲಿನವನು ಹಾರುತ್ತಾನೆ. ಆಟದಲ್ಲಿ 'ಕ್ವಾಲಿಟಿ', 'ಪರ್ಫಾರ್ಮೆನ್ಸ್' ಎಂದು ಎರಡು ಆಯ್ಕೆ ಕೊಟ್ಟರೆ ಎರಡನೆಯದನ್ನೇ ಒತ್ತು. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದು ಚಿತ್ರ 33 ಮಿಲಿಸೆಕೆಂಡ್ ನಿಲ್ಲುತ್ತದೆ, 60 ಆದರೆ ಅದರ ಅರ್ಧ. ನೀರಿನಲ್ಲಿ ಮೋಡದ ನೆರಳು ಎಷ್ಟು ಚಂದ ಕಂಡಿತು ಎನ್ನುವುದು ಎರಡು ದಿನಕ್ಕೆ ಮರೆತುಹೋಗುತ್ತದೆ. ಕೈಗೆ ಸಿಗುವ ಸಲೀಸು ಆಟ ಮುಗಿಯುವವರೆಗೂ ಇರುತ್ತದೆ.

ನಮ್ಮ ಮಂಗಳೂರಿನ ದೇರೆಬೈಲಿನ ಹವೆಯ ವಿಷಯ ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿರುವುದಿಲ್ಲ. ಶೋಕೇಸಿನ ಗಾಜಿನ ಬಾಗಿಲಿನ ಒಳಗೆ ಕನ್ಸೋಲ್ ಇಡಬೇಡ, ಬಿಸಿಗಾಳಿ ಹೊರಗೆ ಹೋಗಬೇಕು. ಮಳೆಗಾಲದಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುವ ಊರು ಇದು. ವಾರಗಟ್ಟಲೆ ಮುಚ್ಚಿಡದೆ ಆಗಾಗ ಆನ್ ಮಾಡುತ್ತಿರು. ಬೆಚ್ಚಗಿನ ಜಾಗ ಸಿಕ್ಕರೆ ಜಿರಳೆ ಬಿಡುವುದಿಲ್ಲ, ಹಾಗಾಗಿ ಹತ್ತಿರ ಕೂತು ಚಕ್ಕುಲಿ ತಿನ್ನಬೇಡ. ಮಳೆ ಹಿಡಿಯುವ ಮೊದಲು ಮತ್ತು ಬಿಡುವ ಹೊತ್ತಿಗೆ ಸಿಡಿಲಿನ ಕಾಟ. ಗುಡುಗು ಕೇಳಿಸಿದರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ಗನ್ನೇ ಕೀಳು. ರೌಟರಿನಿಂದ ಬರುವ ಲ್ಯಾನ್ ವಯರನ್ನೂ ಕೀಳು. ಇನ್ವರ್ಟರ್ ಇದ್ದರೆ ಟಿವಿಯ ಪ್ಲಗ್ಗಿಗೆ ಅದರ ಲೈನ್ ಉಂಟಾ ನೋಡು, ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೇ ಹಾಕಿಡು. ಸೇವ್ ಆಗುವ ಹೊತ್ತಿಗೆ ಕರೆಂಟ್ ಹೋದರೆ ವಾರದ ಆಟ ನೀರುಪಾಲು.

ಈಗ ಗಟ್ಟಿ ಮಾತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಆದರೆ ಕನ್ಸೋಲಿನ ಫುಟ್ಬಾಲ್ ಆಟದೊಳಗೆ ಮಾರುವ ಪ್ಯಾಕ್‌ಗಳೂ ಅದೇ ಚಾಳಿಯವು ಎಂಬುದು ನನ್ನ ಅಭಿಪ್ರಾಯ. ಒಳಗೆ ಯಾವ ಆಟಗಾರ ಎಂದು ತೋರಿಸದೆ ದುಡ್ಡು ಕೇಳುತ್ತವೆ. ಇಂಥವು ಜೂಜೇ ಎಂದು ಬೆಲ್ಜಿಯಂ 2018ರಲ್ಲೇ ಹೇಳಿತು. ಕೋಳಿ ಅಂಕದಲ್ಲಿ ದುಡ್ಡು ಕಟ್ಟಿದವನಿಗಾದರೂ ಕೋಳಿ ಕಣ್ಣಿಗೆ ಕಾಣುತ್ತದೆ ಮಾರಾಯ, ಇಲ್ಲಿ ಅದೂ ಇಲ್ಲ. ಕನ್ಸೋಲಿನಲ್ಲಿ ಕಾರ್ಡ್ ನಂಬರ್ ಉಳಿಸಿಡಬೇಡ. ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಇಡು. ಅಕ್ಕನ ಮಕ್ಕಳು ರಜೆಗೆ ಬಂದಾಗ ಈ ಮಾತಿನ ಬೆಲೆ ತಿಳಿಯುತ್ತದೆ.

ಎಷ್ಟು ಹೊತ್ತು ಆಡಬಹುದು ಎಂದು ಅಮ್ಮ ಕೇಳುತ್ತಾಳೆ. ಗಂಟೆಯ ಲೆಕ್ಕ ನಾನು ಕೊಡುವುದಿಲ್ಲ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ, ನಿದ್ದೆ, ಕೆಲಸ, ಮನೆಯವರು ಎಲ್ಲ ಹಿಂದೆ ಬಿದ್ದು, ಹಾನಿ ಕಂಡರೂ ಕೈ ಬಿಡದಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯ ಪಟ್ಟಿಗೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ 'ಶಟ್' ಹೆಸರಿನ ಕ್ಲಿನಿಕ್ 2014ರಿಂದ ಉಂಟು. ಊಟಕ್ಕೆ ಕರೆದಾಗ ಪಾಝ್ ಒತ್ತಿ ಎದ್ದು ಬರುತ್ತೀಯಾದರೆ ನಿನಗೆ ಆ ಭಯ ಬೇಡ.

ಆಟ ಆಡುತ್ತಾ ಆಡುತ್ತಾ ಇದನ್ನು ಮಾಡುವುದು ಹೇಗೆ ಎಂಬ ಕುತೂಹಲ ಹುಟ್ಟಿದರೆ ಅದನ್ನು ಬಿಡಬೇಡ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಫೋರ್ಝಾ ಸರಣಿಯಂಥ ದೊಡ್ಡ ಆಟಗಳಿಗೆ ಕಾರುಗಳನ್ನು ರೂಪಿಸಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಪುಣೆಯ ತಂಡವೊಂದು ಮಾಡಿದ 'ರಾಜಿ' ಎಂಬ ಆಟ 2020ರಲ್ಲಿ ಕನ್ಸೋಲಿಗೇ ಬಂತು. ನಮ್ಮ ದೇರೆಬೈಲಿನ ಬ್ಲೂಬೆರಿ ಹಿಲ್‌ನಲ್ಲೂ ಟೆಕ್ ಪಾರ್ಕ್ ಮಾಡುವ ಯೋಜನೆ ಸರಕಾರಕ್ಕೆ ಉಂಟು. ಇಂಥ ಆಟಗಳಿಗೆ 3ಡಿ ರೂಪ ಕೊಡುವ ಬ್ಲೆಂಡರ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕಲಿತು ನೋಡು.

ಕೊನೆಗೆ ಇಷ್ಟೇ: ಕಂತಿನಲ್ಲಿ ತಗೊಳ್ಳಬೇಡ, ದುಡ್ಡು ಕೂಡಿಸಿ ತಗೊ. ಒಂದು ಆಟ ಮುಗಿಸದೆ ಇನ್ನೊಂದನ್ನು ತರಬೇಡ. ಕಂಟ್ರೋಲರ್ ಮಾತ್ರ ಎರಡು ತಗೊ. ಜೊತೆಗೆ ಆಡಲು ಜನ ಬೇಕು, ಮಾವನೂ ಬರುತ್ತಾನೆ.