ಕಾಂಟ್ಯಾಕ್ಟ್ ಲಿಸ್ಟ್ ಯಾರದು?

ಪ್ರೈವಸಿ ಅನ್ನೋ ಮಾತು ಬಂದಾಗಲೆಲ್ಲ ನಮ್ಮ ಮೆಸ್ಸಿನಲ್ಲಿ ಒಂದು ಉತ್ತರ ರೆಡಿ ಇರುತ್ತದೆ: "ನನ್ನ ಹತ್ರ ಮುಚ್ಚಿಡೋಕೆ ಏನಿದೆ ಗುರು? ತಗೊಳ್ಳಲಿ ಬಿಡು." ಹೇಳುವವರು ಸುಳ್ಳೇನೂ ಹೇಳ್ತಿಲ್ಲ. ಇಪ್ಪತ್ತು ವರ್ಷದ ಹುಡುಗನ ಫೋನಿನಲ್ಲಿ ಕ್ರಿಕೆಟ್ ಸ್ಕೋರು, ಲ್ಯಾಬ್ ರೆಕಾರ್ಡಿನ ಫೋಟೋ, ಒಂದಷ್ಟು ಮೀಮು ಬಿಟ್ಟರೆ ಏನಿರುತ್ತದೆ? ಹೋದರೆ ಹೋಗಲಿ. ಆದರೆ ಅದೇ ಫೋನಿನಲ್ಲಿ ಒಂದು ಜಾಗ ಇದೆ, ಅಲ್ಲಿರೋದು ಬಹುಪಾಲು ಅವನದ್ದಲ್ಲ. ಅದು ಕಾಂಟ್ಯಾಕ್ಟ್ ಲಿಸ್ಟ್. ಅದರಲ್ಲಿ ಮುನ್ನೂರು ನಂಬರ್ ಇದ್ದರೆ ಆತನ ಸ್ವಂತದ್ದು ಒಂದೋ ಎರಡೋ. ಮಿಕ್ಕಿದ್ದೆಲ್ಲ ಬೇರೆಯವರು ನಂಬಿ ಕೊಟ್ಟದ್ದು. "ತಗೊಳ್ಳಲಿ ಬಿಡು" ಅಂತ ಹೇಳುವ ಹಕ್ಕು ಅವನಿಗೆ ಆ ಮುನ್ನೂರರ ಮೇಲೂ ಇದೆಯೇ? ಈ ಸಲ ನಾವು ನೋಡೋದು ಇಷ್ಟನ್ನೇ.

ಒಂದು ಒತ್ತಿಗೆ ಹೋಗುವುದೇನು?

ಆಂಡ್ರಾಯ್ಡ್‌ನಲ್ಲಿ 2015ರ ತನಕ ಆಪ್ ಇನ್‌ಸ್ಟಾಲ್ ಮಾಡುವಾಗಲೇ ಎಲ್ಲ ಪರ್ಮಿಷನ್‌ಗಳಿಗೂ ಒಟ್ಟಿಗೆ ಒಪ್ಪಬೇಕಿತ್ತು. ಒಪ್ಪದಿದ್ದರೆ ಆಪ್ ಇಲ್ಲ. ಆ ವರ್ಷ ಬಂದ 6.0 ಆವೃತ್ತಿಯಿಂದ, ಆಪ್ ಓಡುತ್ತಿರುವಾಗ ಒಂದೊಂದಾಗಿ ಕೇಳುವ ಪದ್ಧತಿ ಶುರುವಾಯಿತು. "ಅಲೋ", "ಡೋಂಟ್ ಅಲೋ" ಅಂತ ಎದ್ದು ಬರುವ ಆ ಚಿಕ್ಕ ಡಬ್ಬಿ ಅಲ್ಲಿಂದ ಬಂದದ್ದು. ಒಳ್ಳೆಯ ಬದಲಾವಣೆ, ಅನುಮಾನವಿಲ್ಲ. ಆದರೆ ಕಾಂಟ್ಯಾಕ್ಟ್ಸ್ ಪರ್ಮಿಷನ್ ಮಾತ್ರ ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಇಲ್ಲ ಅನ್ನೋ ಹಾಗೆಯೇ ಉಳಿಯಿತು. ನೀವು ಒಬ್ಬ ಗೆಳೆಯನಿಗೆ ದುಡ್ಡು ಕಳಿಸೋಕೆ ಒತ್ತಿದರೂ ಆಪ್‌ಗೆ ಸಿಗೋದು ಇಡೀ ಪಟ್ಟಿ.

ಪಟ್ಟಿ ಅಂದರೆ ಬರೀ ನಂಬರ್ ಅಲ್ಲ. ಹೆಸರು, ಇಮೇಲ್, ವಿಳಾಸ, ಹುಟ್ಟಿದ ದಿನ, ನೋಟ್ಸ್ ಅಂತ ಇರುವ ಜಾಗದಲ್ಲಿ ಬರೆದಿಟ್ಟದ್ದು ಎಲ್ಲವೂ ಸೇರುತ್ತದೆ. (ಎಟಿಎಂ ಪಿನ್ ಮರೆಯಬಾರದು ಅಂತ ಅದನ್ನೇ ಒಂದು ಕಾಂಟ್ಯಾಕ್ಟ್ ಮಾಡಿ ಸೇವ್ ಮಾಡಿಕೊಳ್ಳುವ ಹಿರಿಯರು ಎಲ್ಲರ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಈ ವಾರಾಂತ್ಯ ಊರಿಗೆ ಹೋದರೆ ಮೊದಲು ಅದನ್ನ ಅಳಿಸಿ.)

ಇನ್ನು ಹೆಸರುಗಳು. ನಾವು ಹೆಸರು ಸೇವ್ ಮಾಡೋ ರೀತಿಯಲ್ಲೇ ಅರ್ಧ ಜಾತಕ ಇರುತ್ತದೆ. "ಅಮ್ಮ", "ಮಾವ ಹುಬ್ಬಳ್ಳಿ", "ಓನರ್ ಆಂಟಿ", "ಶುಗರ್ ಡಾಕ್ಟ್ರು", "ಚೀಟಿ ಸರೋಜಕ್ಕ". ಇದನ್ನು ಓದಿದ ಸರ್ವರ್‌ಗೆ ನಿಮ್ಮ ತಾಯಿ ಯಾರು, ನಿಮ್ಮದು ಬಾಡಿಗೆ ಮನೆ, ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಸಮಸ್ಯೆ ಶುರುವಾಗೋದು ಹಲವು ಫೋನಿನ ಪಟ್ಟಿಗಳು ಒಂದೇ ಕಡೆ ಸೇರಿದಾಗ. ಒಂದು ಊಹೆಯ ಉದಾಹರಣೆ ತಗೊಳ್ಳೋಣ. ಒಬ್ಬ ಹೆಣ್ಣುಮಗಳ ನಂಬರು ಒಂದು ಫೋನಿನಲ್ಲಿ "ಸುಮಾ ಟೈಲರ್", ಇನ್ನೊಂದರಲ್ಲಿ "ಸುಮಾ ಎರಡನೇ ಕ್ರಾಸ್", ಮಗುವಿನ ಶಾಲೆಯ ಫೋನಿನಲ್ಲಿ "ಒಂದನೇ ಕ್ಲಾಸ್ ಆದಿ ತಾಯಿ", ವಕೀಲರ ಗುಮಾಸ್ತನ ಫೋನಿನಲ್ಲಿ "ಸುಮಾ ಡೈವೋರ್ಸ್ ಕೇಸ್". ನಾಲ್ಕೂ ಜನ ತಮ್ಮ ತಮ್ಮ ಅನುಕೂಲಕ್ಕೆ ಬರೆದುಕೊಂಡದ್ದು, ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಡಿಬಿಎಂಎಸ್ ಕ್ಲಾಸಿನಲ್ಲಿ ಕಲಿತ ಜಾಯಿನ್ ನೆನಪಿಸಿಕೊಳ್ಳಿ. ಫೋನ್ ನಂಬರೇ ಕೀ. ನಾಲ್ಕು ಟೇಬಲ್ ಸೇರಿಸಿದರೆ ಆಕೆಯ ಕಸುಬು, ವಾಸ, ಮಗು, ಕೋರ್ಟ್ ಕೇಸು ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಆಕೆ ಆ ಆಪ್ ಹಾಕಿಕೊಂಡೇ ಇಲ್ಲ. ಬಟನ್ ಫೋನ್ ಇಟ್ಟುಕೊಂಡಿರಬಹುದು.

ನಾನೊಬ್ಬ ಒತ್ತದಿದ್ದರೆ ಏನಾಗುತ್ತೆ?

ಇದು ಮೆಸ್ಸಿನ ಎರಡನೇ ಪ್ರಶ್ನೆ. ಸರಳವಾದ ಲೆಕ್ಕ ಹಾಕೋಣ. ನಿಮ್ಮ ನಂಬರು ನೂರು ಜನರ ಫೋನಿನಲ್ಲಿದೆ ಎಂದಿಟ್ಟುಕೊಳ್ಳಿ. ಒಂದು ಹೊಸ ಆಪ್ ಬಂದಿದೆ. ಅದನ್ನು ಹಾಕಿಕೊಂಡು ಅಲೋ ಒತ್ತುವವರು ನೂರಕ್ಕೆ ಒಬ್ಬರು ಮಾತ್ರ. ಯಾರೂ ಒತ್ತದೇ ಇರುವ ಸಂಭವ 0.99ರ ನೂರನೇ ಘಾತ, ಅಂದರೆ ಸುಮಾರು 0.37. ಹಾಗಾದರೆ ನಿಮ್ಮ ನಂಬರು ಆ ಆಪ್‌ಗೆ ಸಿಕ್ಕಿರುವ ಸಂಭವ ಶೇಕಡಾ 63. ಇನ್ನೂರು ಜನರ ಹತ್ತಿರ ಇದ್ದರೆ ಶೇಕಡಾ 87ರ ಹತ್ತಿರ. ಒತ್ತುವವರು ನೂರಕ್ಕೆ ಐದಾದರೆ, ನೂರು ಫೋನಿಗೇ ಶೇಕಡಾ 99 ದಾಟುತ್ತದೆ. ಪ್ರತಿಯೊಬ್ಬರೂ ಸ್ವತಂತ್ರವಾಗಿ ನಿರ್ಧಾರ ಮಾಡ್ತಾರೆ ಅಂತ ನಾವಿಲ್ಲಿ ಹಿಡಿದಿದ್ದೇವೆ. ನಿಜಜೀವನದಲ್ಲಿ ಆಪ್‌ಗಳು ಗೆಳೆಯರಿಂದ ಗೆಳೆಯರಿಗೆ ಹಬ್ಬುವುದರಿಂದ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಚಿತ್ರ ಬದಲಾಗೋದಿಲ್ಲ.

ಅಂದರೆ ನಿಮ್ಮ ಗುಟ್ಟು ಉಳಿಯೋದು ನಿಮ್ಮ ಎಚ್ಚರಿಕೆಯಿಂದಲ್ಲ, ನಿಮ್ಮನ್ನು ಬಲ್ಲವರಲ್ಲಿ ಎಲ್ಲರಿಗಿಂತ ಕಡಿಮೆ ಎಚ್ಚರ ಇರುವವರ ಕೈಯಲ್ಲಿ. ಇದು ಬರೀ ಕಾಗದದ ಲೆಕ್ಕವೂ ಅಲ್ಲ. 2018ರಲ್ಲಿ ಬಯಲಾದ ಕೇಂಬ್ರಿಡ್ಜ್ ಅನಾಲಿಟಿಕಾ ಪ್ರಕರಣದಲ್ಲಿ ಫೇಸ್‌ಬುಕ್ ತಾನೇ ಕೊಟ್ಟ ಅಂಕಿ ನೋಡಿ. ಭಾರತದಲ್ಲಿ ಆ ಕ್ವಿಜ್ ಆಪ್ ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಆ 335 ಬಿಟ್ಟು ಮಿಕ್ಕವರ ತಪ್ಪು ಏನೆಂದರೆ, ಆಪ್ ಹಾಕಿಕೊಂಡ ಯಾರಿಗೋ, ಇಲ್ಲೋ ಹೊರದೇಶದಲ್ಲೋ, ಫ್ರೆಂಡ್ ಆಗಿದ್ದದ್ದು. ಅಲ್ಲಿ ಹೋದದ್ದು ಫೋನ್‌ಬುಕ್ ಅಲ್ಲ, ಫ್ರೆಂಡ್ಸ್ ಪಟ್ಟಿ. ಆದರೆ ಲೆಕ್ಕ ಅದೇ.

"ಹ್ಯಾಶ್ ಮಾಡಿದ್ದೇವೆ, ಚಿಂತೆ ಬೇಡ"

ಕೆಲವು ಕಂಪನಿಗಳ ಪ್ರೈವಸಿ ಪಾಲಿಸಿಯಲ್ಲಿ ಒಂದು ಸಮಾಧಾನದ ಸಾಲು ಇರುತ್ತದೆ: ನಂಬರನ್ನು ಹಾಗೆಯೇ ಇಟ್ಟುಕೊಳ್ಳೋದಿಲ್ಲ, ಹ್ಯಾಶ್ ಮಾಡಿ ಇಡುತ್ತೇವೆ. ಕ್ರಿಪ್ಟೋಗ್ರಫಿ ಎಲೆಕ್ಟಿವ್ ತಗೊಂಡವರಿಗೆ ಇದು ಚೆನ್ನಾಗೇ ಕೇಳಿಸುತ್ತದೆ. ಹ್ಯಾಶ್‌ನಿಂದ ಹಿಂದಕ್ಕೆ ಬರೋಕೆ ಆಗಲ್ಲ ಅಂತ ತಾನೇ ನಾವು ಓದಿದ್ದು?

ಹಿಂದಕ್ಕೆ ಬರಬೇಕಾಗಿಯೇ ಇಲ್ಲ. ನಮ್ಮ ದೇಶದ ಮೊಬೈಲ್ ನಂಬರ್ ಹತ್ತು ಅಂಕಿ, ಮೊದಲನೆಯದು 6, 7, 8 ಅಥವಾ 9. ಹಾಗಾಗಿ ಸಾಧ್ಯವಿರುವ ಒಟ್ಟು ನಂಬರುಗಳು ನಾಲ್ಕು ಸಲ ನೂರು ಕೋಟಿ, ಅಂದರೆ 400 ಕೋಟಿ. ಮನುಷ್ಯರಿಗೆ ದೊಡ್ಡ ಸಂಖ್ಯೆ, ಕಂಪ್ಯೂಟರ್‌ಗೆ ಏನೂ ಅಲ್ಲ. ಸಾಮಾನ್ಯ ಲ್ಯಾಪ್‌ಟಾಪಿನ ಒಂದೇ ಕೋರ್ ಸೆಕೆಂಡಿಗೆ 10 ಲಕ್ಷ ಹ್ಯಾಶ್ ಮಾಡುತ್ತದೆ ಅಂತ ಹಿಡಿದರೂ 4,000 ಸೆಕೆಂಡು ಸಾಕು, ಒಂದು ಗಂಟೆ ಏಳು ನಿಮಿಷ. ಒಂದು ಲ್ಯಾಬ್ ಪೀರಿಯಡ್ ಒಳಗೆ ಕೆಲಸ ಮುಗಿದು ಚಹಾಕ್ಕೂ ಟೈಮ್ ಉಳಿಯಿತು. ಗೇಮ್ ಆಡೋಕೆ ಕೊಂಡ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಹ್ಯಾಶ್ ಮಾಡಬಲ್ಲದು, ಅದಕ್ಕೆ ಇದು ಕೆಲವೇ ಸೆಕೆಂಡಿನ ಕೆಲಸ. ಹ್ಯಾಶ್ ಒಂದಕ್ಕೆ 32 ಬೈಟ್, ನಂಬರಿಗೆ 8 ಬೈಟ್ ಅಂತ ಇಟ್ಟರೆ ಇಡೀ ದೇಶದ ಟೇಬಲ್ 160 ಜಿಬಿ. ಒಂದು ಪೆನ್‌ಡ್ರೈವ್ ಸಾಕು. ಆಮೇಲೆ ಯಾವ ಹ್ಯಾಶ್ ಕೊಟ್ಟರೂ ನಂಬರು ಹುಡುಕಿ ಕೊಡುತ್ತದೆ.

ಸಾಲ್ಟ್ ಸೇರಿಸಬಹುದಲ್ಲ ಅಂತ ಸೆಕೆಂಡ್ ಬೆಂಚಿನಿಂದ ಪ್ರಶ್ನೆ ಬರುತ್ತದೆ. ಪಾಸ್‌ವರ್ಡಿಗೆ ಒಬ್ಬೊಬ್ಬರಿಗೆ ಒಂದೊಂದು ಸಾಲ್ಟ್ ಸರಿ. ಇಲ್ಲಿ ನಿಮ್ಮ ಫೋನಿನಲ್ಲಿರುವ ನಂಬರಿನ ಹ್ಯಾಶು, ಇನ್ನೊಬ್ಬರ ಖಾತೆಯ ನಂಬರಿನ ಹ್ಯಾಶು ಹೊಂದಬೇಕು. ಅದಕ್ಕೆ ಎಲ್ಲರಿಗೂ ಒಂದೇ ಸಾಲ್ಟ್ ಇರಬೇಕು, ಮತ್ತು ಆ ಸಾಲ್ಟ್ ಕಂಪನಿಯ ಕೈಯಲ್ಲೇ ಇರುತ್ತದೆ. ಕಳ್ಳನಿಗೆ ಸ್ವಲ್ಪ ತೊಂದರೆ, ಕಂಪನಿಗೆ ಏನೂ ಇಲ್ಲ.

ಇದನ್ನು ನಾವಷ್ಟೇ ಹೇಳ್ತಿಲ್ಲ. 2021ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಡೇಟಾ ಸಂರಕ್ಷಣಾ ಆಯೋಗ ವಾಟ್ಸಾಪ್‌ಗೆ 22.5 ಕೋಟಿ ಯೂರೋ ದಂಡ ಹಾಕಿತು. ಆ ಪ್ರಕರಣದಲ್ಲಿ ಚರ್ಚೆಯಾದ ಮುಖ್ಯ ವಿಷಯಗಳಲ್ಲಿ ಇದೂ ಒಂದು: ವಾಟ್ಸಾಪ್ ಬಳಸದವರ ನಂಬರುಗಳು ಬಳಸುವವರ ಫೋನ್‌ಬುಕ್ ಮೂಲಕ ಬಂದು, ಹ್ಯಾಶ್ ಆಗಿ ಉಳಿದಾಗ ಅವನ್ನು ಅನಾಮಿಕ ಎನ್ನಬಹುದೇ? ಹಾಗೆನ್ನಲು ಆಗದು ಅಂತ ಯುರೋಪಿನ ಮಂಡಳಿ ತೀರ್ಮಾನಿಸಿತು.

ಮಾಡೋಕೆ ಮನಸ್ಸಿದ್ದರೆ ದಾರಿ ಇಲ್ಲದಿಲ್ಲ. ಸಿಗ್ನಲ್‌ನವರು 2017ರಲ್ಲಿ ಇಂಟೆಲ್ ಪ್ರಾಸೆಸರಿನ ಎಸ್‌ಜಿಎಕ್ಸ್ ಎಂಬ ಸೌಲಭ್ಯ ಬಳಸಿ, ಸರ್ವರ್ ನಡೆಸುವವರಿಗೂ ಇಣುಕಲಾಗದ ಒಂದು ಮುಚ್ಚಿದ ಭಾಗದೊಳಗೆ ನಂಬರ್ ಹೋಲಿಸುವ ವ್ಯವಸ್ಥೆ ತಂದರು. ಆ ಎಸ್‌ಜಿಎಕ್ಸ್‌ನಲ್ಲೂ ಮರುವರ್ಷವೇ ಸಂಶೋಧಕರು ಬಿರುಕು ತೋರಿಸಿದರು. ಪೂರ್ಣ ಪರಿಹಾರ ಅಲ್ಲ, ಆದರೂ ಬರೀ ಹ್ಯಾಶಿಗಿಂತ ಎಷ್ಟೋ ಮೇಲು.

ಸಾಲ ಒಬ್ಬರದು, ಫೋನು ಊರಿಗೆಲ್ಲ

ಇಷ್ಟು ಹೊತ್ತು ಹೇಳಿದ್ದು ಸರ್ವರು, ಟೇಬಲ್ಲು. ಪಟ್ಟಿ ಕೆಟ್ಟವರ ಕೈಗೆ ಸಿಕ್ಕರೆ ಮನುಷ್ಯರಿಗೆ ಏನಾಗುತ್ತದೆ ಅನ್ನೋದನ್ನ ನಮ್ಮ ದೇಶ 2020ರ ಕೋವಿಡ್ ಕಾಲದಿಂದೀಚೆಗೆ ಕಣ್ಣಾರೆ ಕಂಡಿದೆ. ಕೆಲಸ ಹೋದವರು, ಫೀಸ್ ಕಟ್ಟಬೇಕಾದವರು ಮೊಬೈಲಿನಲ್ಲೇ ಐದೋ ಹತ್ತೋ ಸಾವಿರ ಸಾಲ ಕೊಡುವ ಆಪ್‌ಗಳನ್ನು ಹಾಕಿಕೊಂಡರು. ಅಡವು ಬೇಡ, ಜಾಮೀನು ಬೇಡ. ಕೇಳಿದ್ದು ಕಾಂಟ್ಯಾಕ್ಟ್ಸ್ ಮತ್ತು ಗ್ಯಾಲರಿ ಪರ್ಮಿಷನ್. ನಿಜ ಹೇಳಬೇಕಂದರೆ ಅದೇ ಅಡವು. ವಾಯಿದೆ ತಪ್ಪಿದ ಕೂಡಲೇ ಸಾಲ ಪಡೆದವನ ಅತ್ತೆಗೆ, ಆಫೀಸಿನ ಮ್ಯಾನೇಜರಿಗೆ, ಹಳೆಯ ಮೇಷ್ಟರಿಗೆ ಕರೆ: "ಇವನು ನಮ್ಮ ದುಡ್ಡು ತಿಂದಿದ್ದಾನೆ, ನಿಮ್ಮ ಹೆಸರು ಕೊಟ್ಟಿದ್ದಾನೆ." ತಿರುಚಿದ ಫೋಟೋಗಳನ್ನು ಆ ಪಟ್ಟಿಯವರಿಗೆಲ್ಲ ಕಳಿಸಿದ್ದೂ ಇದೆ. ಮರ್ಯಾದೆಗೆ ಅಂಜಿ ಜೀವ ಕಳಕೊಂಡವರ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲೇ ಬಂದವು.

ಇಲ್ಲಿ ಆ ಅತ್ತೆಯನ್ನು, ಮೇಷ್ಟರನ್ನು ಗಮನಿಸಿ. ಅವರು ಸಾಲ ಮಾಡಿಲ್ಲ, ಆಪ್ ನೋಡಿಲ್ಲ, ಯಾವ ಷರತ್ತಿಗೂ ಸಹಿ ಹಾಕಿಲ್ಲ. ಬೈಗುಳ ಮಾತ್ರ ಅವರ ಪಾಲಿಗೂ ಬಂತು.

ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಇದರ ಅಧ್ಯಯನಕ್ಕೆ ಒಂದು ತಂಡ ಮಾಡಿತು. 2022ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ, ಸಾಲದ ಆಪ್‌ಗಳು ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್, ಫೈಲುಗಳನ್ನು ಮುಟ್ಟಬಾರದು ಎಂದು ನೇರವಾಗಿ ಹೇಳಿತು. ಕೆವೈಸಿಗೆ ಬೇಕಾದ ಕ್ಯಾಮೆರಾ, ಲೊಕೇಶನ್ ಇಂಥವನ್ನು ಗ್ರಾಹಕರ ಒಪ್ಪಿಗೆ ಮೇಲೆ ಒಂದು ಸಲ ಬಳಸಬಹುದು, ಅಷ್ಟೇ. ಗೂಗಲ್ ಕೂಡ 2023ರ ಮೇ 31ರಿಂದ ಪ್ಲೇ ಸ್ಟೋರಿನ ವೈಯಕ್ತಿಕ ಸಾಲದ ಆಪ್‌ಗಳಿಗೆ ಕಾಂಟ್ಯಾಕ್ಟ್ಸ್ ಮತ್ತು ಫೋಟೋ ನಿಷೇಧಿಸಿತು. ಆದರೆ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲಿಗೆ ಪ್ಲೇ ಸ್ಟೋರಿನ ನಿಯಮ ಅನ್ವಯಿಸಲ್ಲ. ಯಾವುದೇ ಸಾಲದ ಆಪ್ ಇವತ್ತು ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದರೆ, ಕೇಳಿದ್ದೇ ಅದು ಸರಿಯಿಲ್ಲ ಅನ್ನೋದಕ್ಕೆ ಸಾಕ್ಷಿ.

ಕಾನೂನು ಎಲ್ಲಿದೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಕೇಸಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಅನ್ನೋದು ನಮ್ಮ ಕ್ಯಾಂಪಸ್ಸಿನಲ್ಲಿ ಎಷ್ಟು ಮಂದಿಗೆ ಗೊತ್ತು? ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ ಒಪ್ಪಿಗೆ ಕೊಡಬೇಕಾದವರು ಆ ಮಾಹಿತಿ ಯಾರಿಗೆ ಸಂಬಂಧಿಸಿದ್ದೋ ಅವರು. ನಿಮ್ಮ ಫೋನಿನಲ್ಲಿ ನೀವು ಸ್ವಂತಕ್ಕೆ ನಂಬರ್ ಬರೆದಿಟ್ಟುಕೊಳ್ಳೋದಕ್ಕೆ ಕಾಯ್ದೆ ತಲೆ ಹಾಕಲ್ಲ, ಮನೆಬಳಕೆಗೆ ವಿನಾಯಿತಿ ಇದೆ. ಕಂಪನಿಗೆ ಆ ವಿನಾಯಿತಿ ಇಲ್ಲ. ಹಾಗಿದ್ದರೆ ನೀವು ಅಲೋ ಒತ್ತಿದಾಗ ಸುಮಾ ಟೈಲರ್ ಅವರ ಪರವಾಗಿ ಒಪ್ಪಿಗೆ ಕೊಟ್ಟವರು ಯಾರು? ಯಾರೂ ಇಲ್ಲ ಅನ್ನೋದು ನಮ್ಮ ಓದು. ವಕೀಲರು ಇದರ ಮೇಲೆ ಇನ್ನೂ ಬಹಳ ದಿನ ವಾದ ಮಾಡಬಹುದು.

ಅಲ್ಲಿಯ ತನಕ ಮಾಡಬಹುದಾದ್ದು ಚಿಕ್ಕದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಮ್ಯಾನೇಜರ್ ಅಂತ ಹುಡುಕಿ, ಕಾಂಟ್ಯಾಕ್ಟ್ಸ್ ತೆರೆದರೆ ಯಾವ ಯಾವ ಆಪ್ ಹತ್ತಿರ ಪಟ್ಟಿ ಇದೆ ಅಂತ ಕಾಣುತ್ತದೆ. ಟಾರ್ಚು, ಫೋಟೋ ಎಡಿಟರು, ಊಟ ತರಿಸುವ ಆಪು ಅಲ್ಲಿದ್ದರೆ ತೆಗೆದು ಹಾಕಿ, ಏನೂ ನಿಲ್ಲೋದಿಲ್ಲ. ಐಫೋನ್ ಇದ್ದವರಿಗೆ 2024ರ ಐಓಎಸ್ 18ರಿಂದ, ಇಡೀ ಪಟ್ಟಿಯ ಬದಲು ಆಯ್ದ ಕೆಲವರನ್ನು ಮಾತ್ರ ಕೊಡುವ ಆಯ್ಕೆಯೂ ಇದೆ. ಈಗಾಗಲೇ ಸರ್ವರಿಗೆ ಹೋದದ್ದು ಇದರಿಂದ ವಾಪಸ್ ಬರಲ್ಲ. ಕೆಲವು ಆಪ್‌ಗಳ ಒಳಗೆ ಅಪ್‌ಲೋಡ್ ಆದ ಕಾಂಟ್ಯಾಕ್ಟ್ ಅಳಿಸುವ ಬಟನ್ ಬೇರೆಯೇ ಇರುತ್ತದೆ, ಅದನ್ನೂ ಹುಡುಕಿ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಆಪ್ ಬರೆಯುತ್ತಿರುವವರಿಗೆ ಇನ್ನೊಂದು ಮಾತು. ಬಳಕೆದಾರ ಒಬ್ಬ ಗೆಳೆಯನನ್ನು ಆರಿಸೋದಷ್ಟೇ ನಿಮಗೆ ಬೇಕಿದ್ದರೆ, ಕಾಂಟ್ಯಾಕ್ಟ್ಸ್ ಓದುವ ಪರ್ಮಿಷನ್ನೇ ಬೇಕಾಗಿಲ್ಲ. ಆಂಡ್ರಾಯ್ಡಿನಲ್ಲಿ ಆಕ್ಷನ್ ಪಿಕ್ ಎಂಬ ಇಂಟೆಂಟ್ ಮೊದಲಿಂದಲೂ ಇದೆ. ಅದು ಫೋನಿನದೇ ಕಾಂಟ್ಯಾಕ್ಟ್ಸ್ ಆಪ್ ತೆರೆಯುತ್ತದೆ, ಬಳಕೆದಾರ ಒಂದು ಹೆಸರು ಒತ್ತುತ್ತಾನೆ, ನಿಮ್ಮ ಆಪ್‌ಗೆ ಆ ಒಂದೇ ಹೆಸರು ತಾತ್ಕಾಲಿಕವಾಗಿ ಸಿಗುತ್ತದೆ. ಕೋಡು ಹತ್ತು ಹನ್ನೆರಡು ಸಾಲು. ಮುಂದಿನ ಹ್ಯಾಕಥಾನ್‌ನಲ್ಲಿ ನಮ್ಮ ಸಂಘದ ಸ್ಟಾಲಿಗೆ ಬಂದರೆ ಬರೆದು ತೋರಿಸುತ್ತೇವೆ.